ಳ ಬರುವ ಹುಡುಗಿ

ಇವತ್ತು ಶನಿವಾರ. ಎಟೋಬಿಕೋಕ್‌ನ ಸಮುದಾಯ ಭವನದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಒಳಗೆ ಹೋಗುವ ಮನಸ್ಸಿಲ್ಲದೆ ಸುಮ್ಮನೆ ಕೂತಿದ್ದೆ. ಮೂಗು ಸೋರುತ್ತಿತ್ತು. ಟಿಶ್ಯೂ ಹುಡುಕಲು ಹಿಂದಿನ ಸೀಟಿನ ಮೇಲಿದ್ದ ಕನ್ನಡ ತರಗತಿಯ ಡಬ್ಬಕ್ಕೆ ಕೈಹಾಕಿದರೆ ಅರೆಬರೆ ಒಣಗಿದ ಮಾರ್ಕರ್ ಪೆನ್ನುಗಳ ಘಾಟು ಮೂಗಿಗೆ ಹೊಡೆಯಿತು, ಕೈಗೆ ಒಂದು ರಟ್ಟಿನ ಕಾರ್ಡು ಬಂತು. ಮುಂಬದಿಯಲ್ಲಿ ದೊಡ್ಡದಾಗಿ ‘ಳ’. ಹಿಂಬದಿಯಲ್ಲಿ ನೇರಳೆ ಬಣ್ಣದ ದುಂಡು ಅಕ್ಷರಗಳಲ್ಲಿ ಮಳೆ, ಬಾಳೆ, ಹೇಳು, ಅಳು, ಉಳಿ. ಉಳಿಯ ಪಕ್ಕದಲ್ಲಿ ಬಡಗಿಯ ಉಳಿಯದೊಂದು ಚಿತ್ರ, ಹಿಡಿಗೆ ಸುತ್ತಿದ ಹಸಿರು ಟೇಪಿನ ಸಮೇತ. ಬರೆದವಳು ಸಹನಾ. ನೋಡಿದ್ದೇ ತಡ, ಸಿಟ್ಟು ನೆತ್ತಿಗೇರಿತು. ಕಾರ್ಡಿನ ಮೇಲಲ್ಲ, ಸಹನಾಳ ಮೇಲಂತೂ ಅಲ್ಲವೇ ಅಲ್ಲ. ಯಾರ ಮೇಲೆ ಎಂದು ಹೇಳಬೇಕಾದರೆ ಒಂದಿಷ್ಟು ಸುತ್ತಿ ಬಳಸಿ ಬರಬೇಕು. ನಿಮಗೆ ಪುರುಸೊತ್ತಿದ್ದರೆ ಜೊತೆಗೆ ಬನ್ನಿ.

ಮೊದಲು ನನ್ನ ವಿಷಯ ಮುಗಿಸಿಬಿಡುತ್ತೇನೆ. ನಾನು ಮೈಸೂರಿನವಳು, ಮನೆ ಮಾರ್ಕಮ್‌ನಲ್ಲಿ. ಶನಿವಾರ ಶನಿವಾರ ಹೆದ್ದಾರಿಯಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಯಾರೂ ಕೇಳಿಕೊಂಡಿರಲಿಲ್ಲ. “ನಮ್ಮವಳು ಕನ್ನಡ ಉಳಿಸೋಕೆ ಹೋಗ್ತಾಳೆ, ಕಾರಿನಲ್ಲಿ ಪೆಟ್ರೋಲ್ ಮಾತ್ರ ಉಳಿಯಲ್ಲ” ಎಂದು ನನ್ನ ಯಜಮಾನರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ನಮಗೆ ಕೊಟ್ಟಿರುವ ಕೋಣೆಯ ಪಕ್ಕದಲ್ಲೇ ಯೋಗದ ತರಗತಿ. ನಡುವಿನ ಗೋಡೆ ಹಪ್ಪಳದಷ್ಟು ತೆಳ್ಳಗಿದೆ. ನಮ್ಮ ಮಕ್ಕಳು ಕಾಗುಣಿತ ಕೂಗಿದರೆ ಆ ಕಡೆಯಿಂದ ಟಕ್ ಟಕ್ ಎಂದು ಬಡಿಯುತ್ತಾರೆ. ನಾನು ಓಡಿಹೋಗಿ ಬಾಗಿಲಲ್ಲಿ ನಿಂತು ಸಾರಿ ಕೇಳಿ ಬರುತ್ತೇನೆ. ಈ ದೇಶಕ್ಕೆ ಬಂದ ಮೇಲೆ ನಾನು ಚೊಕ್ಕವಾಗಿ ಕಲಿತ ಇಂಗ್ಲಿಷ್ ಶಬ್ದವೆಂದರೆ ಅದೊಂದೇ.

ಇಲ್ಲಿ ಹುಟ್ಟಿದ ಮಕ್ಕಳಿಗೆ ‘ಳ’ ಬರುವುದಿಲ್ಲ. ಬುದ್ಧಿವಂತ ಮಕ್ಕಳೇ, ಪಾಪ; ಆದರೆ ನಾಲಿಗೆ ಹಿಂದಕ್ಕೆ ಮಡಚುವುದಿಲ್ಲ. ಬಾಳೆಹಣ್ಣು ಬಾಲೆಹಣ್ಣಾಗುತ್ತದೆ, ಮಳೆ ಮಲೆಯಾಗುತ್ತದೆ. ಅದೆಲ್ಲ ಪರವಾಗಿಲ್ಲ ಅನ್ನಿ. ಒಂದು ಮಗು ಉತ್ಸಾಹದಿಂದ ಕೈಯೆತ್ತಿ ನಿಂತು “ಟೀಚರ್, ನಾನು ಹೇಲ್ತೀನಿ, ನಾನು ಹೇಲ್ತೀನಿ” ಎಂದರೆ ಮುಖ ಗಂಭೀರವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಅಪ್ಪಂದಿರು ಫೋನಿನಲ್ಲಿ ಮುಖ ಹುದುಗಿಸಿಕೊಂಡು ನಗುತ್ತಾರೆ.

ಅಂಥ ತರಗತಿಗೆ ಒಂದು ದಿನ ಆರು ವರ್ಷದ ಹುಡುಗಿಯೊಬ್ಬಳು ಬಂದಳು, ಸಹನಾ. ಅವಳಮ್ಮ ಗಿರಿಜಕ್ಕ, ಧಾರವಾಡದ ಕಡೆಯವರು, ಹದವಾಗಿ ಎಣ್ಣೆ ಹಚ್ಚಿ ಜಡೆ ಹಾಕಿ ಕರೆತಂದಿದ್ದರು. ನಾನು ಬೋರ್ಡಿನ ಮೇಲಿನ ಅಕ್ಷರ ತೋರಿಸಿ ಯಾರು ಓದುತ್ತೀರಿ ಎಂದೆ. ಅವಳು ಎದ್ದು ನಿಂತು, “ನಾ ಹೇಳ್ತೀನ್ರೀ” ಎಂದಳು. ಆ ಒಂದು ‘ಳ’ ಕೇಳಿ ನನ್ನ ಜೀವಕ್ಕೆ ಹಾಯೆನಿಸಿತು. ನಾಲಿಗೆ ಸರಿಯಾದ ಜಾಗಕ್ಕೆ ತಗುಲಿ ಬಂದ ‘ಳ’. ಊರು ಬಿಟ್ಟು ಎರಡು ತಿಂಗಳೂ ಆಗಿರಲಿಲ್ಲ ಅವರಿಗೆ.

ಸಹನಾಳ ಅಪ್ಪ ಇಲ್ಲೇ ಎಟೋಬಿಕೋಕ್‌ನ ಕಾರ್ಖಾನೆ ಸಾಲಿನಲ್ಲಿ, ಅಡುಗೆಮನೆಯ ಕಪಾಟು ಮಾಡುವ ಕಡೆ ಕೆಲಸಕ್ಕಿದ್ದರು. ಹುಬ್ಬಳ್ಳಿಯ ಫರ್ನಿಚರ್ ಅಂಗಡಿಯೊಂದರಲ್ಲಿ ಪಳಗಿದ ಕೈ. ವರ್ಕ್ ಪರ್ಮಿಟ್ ಮೇಲೆ ಬಂದವರು, ಪಿಆರ್ ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ ಇನ್ನೂ ಸಿಕ್ಕಿರಲಿಲ್ಲ. ಬರುವಾಗ ತಮ್ಮದೇ ಒಂದು ಉಳಿ ತಂದಿದ್ದರು. ಇಲ್ಲಿ ಎಲ್ಲದಕ್ಕೂ ಮಷೀನು, ಆದರೂ ಅದನ್ನು ಬಿಟ್ಟಿರಲಾರರು. ಅಕ್ಷರದ ಕಾರ್ಡು ಮಾಡುವ ದಿನ ಸಹನಾ ಅದನ್ನೇ ಬರೆದಳು, ಅಪ್ಪ ಹಿಡಿಗೆ ಸುತ್ತಿದ್ದ ಹಸಿರು ಟೇಪನ್ನೂ ಬಿಡಲಿಲ್ಲ. ನಾನು, ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ, “ಉಳಿ ಅಂದ್ರೆ ಇನ್ನೊಂದು ಅರ್ಥವೂ ಇದೆ, ಏನು ಹೇಳು ನೋಡೋಣ” ಎಂದೆ. ಅವಳು ಯೋಚಿಸಿ, “ಹೋಗಬ್ಯಾಡ, ಇಲ್ಲೇ ಇರು ಅಂತ” ಎಂದಳು. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಒಬ್ಬರೂ ಇವತ್ತಿಗೂ ಆ ಎರಡನೇ ಅರ್ಥ ಹೇಳಿಲ್ಲ. ಅವರಿಗೆ ಅದರ ಅಗತ್ಯ ಬಿದ್ದಿಲ್ಲ.

ಕಾರ್ಖಾನೆ ಬಾಗಿಲು ಹಾಕಿತು. ಪರ್ಮಿಟ್ ಮುಂದುವರಿಸಿ ಕೊಡುತ್ತೇನೆಂದು ಹೇಳಿದ ಏಜೆಂಟನೊಬ್ಬ ಮಾಡುತ್ತೇನೆ, ಮಾಡಿದ್ದೇನೆ, ಇನ್ನೇನು ಬಂತು ಎನ್ನುತ್ತಲೇ ಇದ್ದು, ಕೊನೆಗೆ ಫೋನ್ ಎತ್ತುವುದನ್ನು ನಿಲ್ಲಿಸಿದ. ಅವನು ಅರ್ಜಿಯನ್ನೇ ಹಾಕಿರಲಿಲ್ಲ. ಅಷ್ಟರಲ್ಲಿ ವಾಯಿದೆ ಮುಗಿದು ಹೋಗಿತ್ತು. ಆಮೇಲೆ ಅವರು ಸಿಕ್ಕ ಸಿಕ್ಕ ಮನೆಗಳ ಬೇಸ್‌ಮೆಂಟು ಕೆಲಸ ಹಿಡಿದರು. ಗಿರಿಜಕ್ಕ ಒಂದು ಅಡುಗೆ ಕಂಪನಿಯಲ್ಲಿ ಚಪಾತಿ ಲಟ್ಟಿಸಲು ಹೋದರು. ಮಗಳು ಶಾಲೆಗೆ ಹೋಗುತ್ತಲೇ ಇದ್ದಳು. ಇಲ್ಲಿಯ ಶಾಲೆಗಳು ಮಗುವಿನ ಕಾಗದ ಕೇಳುವುದಿಲ್ಲ, ಅದೊಂದು ದೊಡ್ಡ ಉಪಕಾರ. ಕೆಲವು ವರ್ಷ ಕಳೆದು, ಒಂದು ಚಳಿಗಾಲ, ಅಪ್ಪ ಎದೆನೋವೆಂದು ಕೂತವರು ಏಳಲಿಲ್ಲ. ಲಿಂಗಾಯತರು, ಮಣ್ಣು ಮಾಡುವ ಪದ್ಧತಿ. ಹೆಪ್ಪುಗಟ್ಟಿದ ನೆಲವನ್ನು ಯಂತ್ರದಲ್ಲಿ ಅಗೆಸಿ ಇಲ್ಲೇ ಮಣ್ಣು ಮಾಡಿದೆವು. ನನಗೆ ಎಲ್ಲ ತಿಳಿದ ಮೇಲೊಮ್ಮೆ ಗಿರಿಜಕ್ಕ ನನ್ನೆದುರು ಅಳಲೂ ಇಲ್ಲ, ನಗಲೂ ಇಲ್ಲ, “ನಮ್ಮ ಮನ್ಯಾಗ ಪಿಆರ್ ಸಿಕ್ಕಿದ್ದು ಅವರೊಬ್ಬರಿಗೇ ನೋಡ್ರಿ ಅಕ್ಕೋರ. ಇನ್ನ ಅವರನ್ನ ಯಾರೂ ಎಬ್ಬಿಸಂಗಿಲ್ಲ” ಎಂದರು. ಅವರ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ನನಗೆ ಆ ಹೆಸರು ಇಷ್ಟ.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು ಎಂದುಕೊಳ್ಳಬೇಡಿ. ಪರ್ಮಿಟ್ ಹೋದ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಸಹನಾಳ ಹೈಸ್ಕೂಲು ಮುಗಿಯುವ ವರ್ಷ ಒಂದು ಶನಿವಾರ, ಅವಳನ್ನು ಮನೆಗೆ ಬಿಡಲೆಂದು ಕಾರಿನಲ್ಲಿ ಕೂರಿಸಿಕೊಂಡಿದ್ದೆ. ಅಷ್ಟು ಹೊತ್ತಿಗೆ ಅವಳು ಕಲಿಯುವ ಹುಡುಗಿಯಲ್ಲ, ನನ್ನ ಜೊತೆ ಚಿಕ್ಕ ಮಕ್ಕಳಿಗೆ ಕಲಿಸುವವಳು. “ಟೀಚರ್, ನಂಗ ಸ್ಟೇಟಸ್ ಇಲ್ರಿ” ಎಂದಳು. ನಾನು ವಾಟ್ಸಾಪಿನ ವಿಷಯ ಎಂದುಕೊಂಡು, “ಬಿಡೇ, ನಾನೂ ಹಾಕಲ್ಲ, ಅದೇನು ದಿನಾ ಒಂದು ಹೂವಿನ ಫೋಟೋ” ಎಂದೆ. ಅವಳು ಮೊದಲು ನಕ್ಕಳು. ಆಮೇಲೆ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇಲ್ಲಿರಲು ತಮಗೆ ಕಾಗದವೇ ಇಲ್ಲವೆಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವಳಿಗೂ ತಿಳಿದದ್ದು ಆ ವರ್ಷವೇ. ಜೊತೆಯವರೆಲ್ಲ ಡ್ರೈವಿಂಗ್ ಲೈಸೆನ್ಸಿಗೆ ಓಡಾಡುವಾಗ, ತನಗೂ ಬೇಕೆಂದು ಹಟ ಮಾಡಿದಾಗ, ಗಿರಿಜಕ್ಕ ಬಾಗಿಲು ಹಾಕಿ ಕೂರಿಸಿ ಹೇಳಿದ್ದರಂತೆ. ನೀನು ಈ ದೇಶದವಳಲ್ಲ ಎಂದು ಒಬ್ಬ ಹುಡುಗಿಗೆ ಅವಳ ತಾಯಿಯೇ ಹೇಳಬೇಕಾಗಿ ಬಂದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವಕೀಲರನ್ನು ಹಿಡಿದೆವು. ಒಳ್ಳೆಯ ಹೆಂಗಸು, ಪಂಜಾಬಿ, ಎದುರಿಗೆ ಕೂತವರಿಗೆ ಚಹಾ ಕೊಡದೆ ಮಾತು ಶುರು ಮಾಡುವವರಲ್ಲ. ಮಾನವೀಯತೆಯ ಆಧಾರದ ಮೇಲೆ ಇಲ್ಲೇ ಇರಲು ಬಿಡಿ ಎಂದು ಅರ್ಜಿ ಹಾಕಬಹುದು, ಈ ಹುಡುಗಿ ಇಲ್ಲಿ ಎಷ್ಟು ಬೇರು ಬಿಟ್ಟಿದ್ದಾಳೆಂದು ತೋರಿಸಬೇಕು, ಗೊತ್ತಿದ್ದವರೆಲ್ಲ ಬರೆದುಕೊಡಿ ಎಂದರು. ಶಾಲೆಯವರು ಬರೆದರು. ನಾನೂ ಬರೆದೆ. ಏನು ಬರೆಯಲಿ ನಾನು, ನೀವೇ ಹೇಳಿ. ಗೊತ್ತಿರುವುದನ್ನು ಬರೆದೆ: ಈ ಹುಡುಗಿ ವಾರವಾರ ಬಂದು ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ, ಅಚ್ಚುಕಟ್ಟಾಗಿ ಓದುತ್ತಾಳೆ, ಬರೆಯುತ್ತಾಳೆ, ಅವಳಿಲ್ಲದಿದ್ದರೆ ನಮ್ಮ ತರಗತಿ ನಡೆಯುವುದಿಲ್ಲ.

ಅರ್ಜಿ ತಿರಸ್ಕಾರವಾದ ದಿನ ನಾನು ಅವರ ಮನೆಯಲ್ಲೇ ಇದ್ದೆ. ಗಿರಿಜಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದರು. ಸಹನಾ ಫೋನಿನಲ್ಲಿ ಬಂದ ಉತ್ತರವನ್ನು ನಿಂತೇ ಓದಿದಳು. ತಾಯಿ, “ಏನ್ ಬರದಾರವಾ, ಕನ್ನಡದಾಗ ಹೇಳು” ಎಂದರು. ಅವಳು ಹೇಳಿದಳು. ಅರ್ಜಿದಾರಳು ಕನ್ನಡವನ್ನು ನಿರರ್ಗಳವಾಗಿ ಮಾತಾಡಬಲ್ಲಳು, ಓದಬಲ್ಲಳು, ಬರೆಯಬಲ್ಲಳು, ಮಕ್ಕಳಿಗೆ ಕಲಿಸಲೂ ಬಲ್ಲಳು. ಆದಕಾರಣ ಹುಟ್ಟಿದ ಊರಿಗೆ ಮರಳಿ ಬದುಕು ಕಟ್ಟಿಕೊಳ್ಳುವುದು ಆಕೆಗೆ ಅತಿಯಾದ ಕಷ್ಟವೇನೂ ಆಗಲಾರದು. ಒಂದು ಕಡೆಯೂ ತಡವರಿಸಲಿಲ್ಲ. ಅವಳನ್ನು ಹೊರಹಾಕುವ ಮಾತನ್ನು ಅವಳೇ, ಒಂದು ಅಕ್ಷರ ತಪ್ಪಿಲ್ಲದೆ, ಎಲ್ಲ ‘ಳ’ಗಳನ್ನೂ ಸರಿಯಾಗಿ ನುಡಿದು, ತನ್ನ ತಾಯಿಗೆ ಕನ್ನಡ ಮಾಡಿ ಹೇಳಿದಳು. ಗಿರಿಜಕ್ಕನ ಕೈ ಹಿಟ್ಟಿನ ಮೇಲೇ ನಿಂತಿತು.

“ಅಂದ್ರ ಕನ್ನಡ ಬರ್ತದ ಅಂತ ಹೋಗು ಅಂತಾರೇನು?”

“ಹೂಂ ಅವ್ವಾ.”

ರೊಟ್ಟಿ ಹೆಂಚಿನ ಮೇಲೆ ಸೀದು ಕರಕಾಯಿತು. ಯಾರೂ ತೆಗೆಯಲಿಲ್ಲ.

ನೀನು ಬರೆದದ್ದರಿಂದ ಹೀಗಾಯಿತೆಂದು ನಿನಗೆ ಬೇಜಾರಾಗಲಿಲ್ಲವೇ ಎಂದು ಆಮೇಲೆ ಒಬ್ಬಿಬ್ಬರು ನನ್ನನ್ನು ಕೇಳಿದರು. ಇಲ್ಲ. ಸಿಟ್ಟು ಬಂತು. ಹುಡುಗಿಯಲ್ಲಿದ್ದ ಒಳ್ಳೆಯದನ್ನು ನಾನು ಒಳ್ಳೆಯದೆಂದೇ ಬರೆದೆ. ಅದನ್ನು ತಿರುಗಿಸಿ ಅವಳಿಗೇ ಚುಚ್ಚಿದವರು ಬೇಜಾರು ಮಾಡಿಕೊಳ್ಳಲಿ, ಅವರಿಗೆ ಆ ಸ್ವಭಾವ ಇದ್ದರೆ. ಬೇಸಿಗೆಯಲ್ಲಿ ಇದೇ ದೇಶದವರು ವೇದಿಕೆ ಹಾಕಿ, ನಿಮ್ಮ ಭಾಷೆ ಉಳಿಸಿಕೊಳ್ಳಿ, ನಿಮ್ಮ ಸೀರೆ ಉಟ್ಟು ಬನ್ನಿ, ನಮ್ಮ ಹೆಮ್ಮೆಯೇ ಇದು ಎಂದು ಭಾಷಣ ಮಾಡುತ್ತಾರೆ. ನಾವೂ ಮೈಸೂರು ಪೇಟ ತೊಡಿಸಿ ಚಪ್ಪಾಳೆ ಹೊಡೆಯುತ್ತೇವೆ. ಆ ಮಾತನ್ನು ನಿಜವೆಂದು ನಂಬಿ ನಡೆದವಳು ಇವಳೊಬ್ಬಳೇ. ನಾನು ಈ ದೇಶಕ್ಕೆ ಬರುವಾಗ ಇಂಗ್ಲಿಷ್ ಪರೀಕ್ಷೆ ಬರೆಸಿ, ಭಾಷೆ ಬರುತ್ತದೆಂದು ನನಗೆ ಅಂಕ ಕೊಟ್ಟರು. ಒಂದು ಭಾಷೆ ಬಂದದ್ದಕ್ಕೆ ನನ್ನನ್ನು ಒಳಗೆ ಬಿಟ್ಟರು, ಎರಡು ಭಾಷೆ ಬಂದದ್ದಕ್ಕೆ ಅವಳಿಗೆ ಹೊರಗೆ ನಡೆ ಎಂದರು. ನಮ್ಮ ಮಕ್ಕಳು ಉಳಿಯನ್ನು ಉಲಿ ಎನ್ನುತ್ತಾರೆಂದು ತಿದ್ದಿ ತಿದ್ದಿ ಸೋತವಳು ನಾನು. ಉಲಿ ಎಂದರೆ ನುಡಿ. ನುಡಿ ಬಲ್ಲವಳಿಗೆ ಉಳಿಯುವ ಹಕ್ಕಿಲ್ಲ ಎಂದು ಒಂದಕ್ಷರದ ವ್ಯತ್ಯಾಸದಲ್ಲಿ ಯಾವ ವ್ಯಾಕರಣವೂ ನನಗೆ ಹೇಳಿರಲಿಲ್ಲ.

ಮತ್ತೆ ಆ ಹುಟ್ಟಿದ ಊರಾದರೂ ಏನು? ಧಾರವಾಡದಲ್ಲಿ ಅವರಿಗೆ ಮನೆಯಿಲ್ಲ. ಸಹನಾಳಿಗೆ ನೆನಪಿರುವುದು ಒಂದು ನಲ್ಲಿ, ಒಂದು ಕುಂಟ ನಾಯಿ, ಫೇಡೆಯ ಡಬ್ಬ. ಅವಳ ಹಲ್ಲು ಬಿದ್ದದ್ದು, ಮೈನೆರೆದದ್ದು, ಮೊದಲ ಸಲ ಬಸ್ಸು ತಪ್ಪಿಸಿಕೊಂಡು ಅತ್ತದ್ದು, ಅಪ್ಪನನ್ನು ಕಳೆದುಕೊಂಡದ್ದು, ಎಲ್ಲ ಇಲ್ಲಿ. ಭಾಷೆ ಗೊತ್ತು ಎಂದ ಮಾತ್ರಕ್ಕೆ ಊರು ಗೊತ್ತಿರುತ್ತದೆಯೇ? ಹಾಗಾದರೆ ಇಂಗ್ಲಿಷ್ ಬರುತ್ತದೆಂದು ನಮ್ಮನ್ನೆಲ್ಲ ಲಂಡನ್ನಿಗೆ ಕಳಿಸಿಬಿಡಲಿ.

ಇಲ್ಲಿಗೇ ನಿಂತಿದ್ದರೆ ಸಿಟ್ಟು ಸರಕಾರದ ಮೇಲಷ್ಟೇ ಉಳಿಯುತ್ತಿತ್ತು. ಆದರೆ ನಮ್ಮವರೂ ಇದ್ದಾರಲ್ಲ. ಅದೇ ಬೇಸಿಗೆ ಪಾರ್ಕಿನಲ್ಲಿ ಊಟಕ್ಕೆ ಸೇರಿದ್ದೆವು. ಅರೋರಾದಲ್ಲಿ ದೊಡ್ಡ ಮನೆ ಕಟ್ಟಿಸಿರುವ ಬೆಂಗಳೂರಿನ ಒಬ್ಬ ಮಹನೀಯರು, ತಟ್ಟೆಯಲ್ಲಿ ಎರಡು ಬಗೆಯ ಸಿಹಿ ಹಾಕಿಕೊಂಡು, ವಿಷಯ ಕೇಳಿ ತಲೆಯಾಡಿಸಿದರು. “ಪಾಪ ಅನ್ಸತ್ತೆ ಮೇಡಂ. ಆದ್ರೆ ನಾವೆಲ್ಲ ಕ್ಯೂನಲ್ಲಿ ನಿಂತು ಬಂದ್ವಿ, ಅಲ್ವಾ? ಹೀಗೆ ನಡುವೆ ನುಗ್ಗಿದವರಿಗೆಲ್ಲ ಕೊಡ್ತಾ ಹೋದ್ರೆ ಸಿಸ್ಟಮ್ಮಿಗೆ ಏನು ಬೆಲೆ?”

“ಆರು ವರ್ಷದ ಮಗು ಯಾವ ಕ್ಯೂನಲ್ಲಿ ನಿಲ್ಲಬೇಕಿತ್ತು ಸಾರ್?” ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಇತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನನ್ನ ತಟ್ಟೆ ವಾಲಿ ಚಿತ್ರಾನ್ನ ಅರ್ಧ ಸೀರೆಯ ಮೇಲೆ ಬಿತ್ತು. ಮಹನೀಯರು ಒಂದು ಪೇಪರ್ ನ್ಯಾಪ್‌ಕಿನ್ ಕೊಟ್ಟು, “ಎಮೋಷನಲ್ ಆಗ್ಬೇಡಿ” ಎಂದರು. ಇವರ ಮಗ ಎರಡು ವರ್ಷದಿಂದ ನನ್ನ ತರಗತಿಯಲ್ಲಿ ಹೇಲ್ತೀನಿ ಎನ್ನುತ್ತಿದ್ದಾನೆ. ಅವನಿಗೆ ಕಾರ್ಡು ಹಿಡಿದು ತೋರಿಸಿ, ಪ್ರೀತಿಯಿಂದ ಬಾಯಿ ತೆರೆಸಿ, ನಾಲಿಗೆ ಎಲ್ಲಿ ಮಡಚಬೇಕೆಂದು ಕಲಿಸುತ್ತಿದ್ದವಳು ಆ ಹುಡುಗಿಯೇ. ಇದನ್ನು ಅವರಿಗೆ ಹೇಳಬೇಕೆಂದು ನನಗೆ ಹೊಳೆದದ್ದು ಮನೆಗೆ ಬಂದು ಅರಿಸಿನದ ಕಲೆ ತಿಕ್ಕುವಾಗ.

ದೇಶ ಬಿಡಬೇಕಾದ ದಿನ ಗೊತ್ತಾಯಿತು. ಗಿರಿಜಕ್ಕ ಪಾತ್ರೆಗಳನ್ನು ಯಾರಿಗೆ ಕೊಡಲಿ ಎಂದು ನನ್ನನ್ನು ಕೇಳಿದರು. ಅಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬರಲೆಂದು ನಾನೇ ಇಬ್ಬರನ್ನೂ ಕರೆದೊಯ್ದೆ. ವಕೀಲರು ಮಾತ್ರ ಪಟ್ಟು ಬಿಡದೆ, ಹೊಸದಾಗಿ ಅರ್ಜಿ ಹಾಕುತ್ತೇವೆ, ಅದು ತೀರ್ಮಾನವಾಗುವವರೆಗೆ ಕಳಿಸುವುದನ್ನು ಮುಂದೂಡಿ ಎಂದು ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ನನಗೆ ಫೋನ್ ಬಂತು.

“ಟೀಚರ್, ಡಿಫರಲ್ ಸಿಕ್ತರೀ. ಅವ್ವಂಗೂ, ನಂಗೂ.”

“ಸದ್ಯ!” ಎಂದೆ. ನಮ್ಮ ಮೈಸೂರಿನ ಕಡೆ ಹಾಗೆ. ಗಂಡಾಂತರ ತಪ್ಪಿದರೆ, ಮಗು ಬಿದ್ದೂ ಪೆಟ್ಟಾಗದಿದ್ದರೆ, ದೇವರು ದೊಡ್ಡವನು ಎನ್ನುವ ಬದಲು ಎದೆ ಮೇಲೆ ಕೈಯಿಟ್ಟು ಸದ್ಯ ಎನ್ನುತ್ತೇವೆ.

“ಹೌದ್ರಿ ಟೀಚರ್” ಎಂದಳು. “ಸದ್ಯಕ್ಕ ಅಷ್ಟ.”

ನಾನು ದೇವರಿಗೆ ಕೈಮುಗಿದದ್ದು, ಅವಳು ಕೇಳಿಸಿಕೊಂಡದ್ದು ‘ಈಗಿನ ಮಟ್ಟಿಗೆ’ ಎಂದು. ತಿದ್ದಲು ಹೋಗಲಿಲ್ಲ. ಅವಳು ಕೇಳಿಸಿಕೊಂಡದ್ದೇ ಸರಿಯಾಗಿತ್ತು. ಕೊಟ್ಟದ್ದು ಅದನ್ನೇ ತಾನೆ? ಇರು ಎಂದು ಯಾರೂ ಹೇಳಿಲ್ಲ. ಈಗಲೇ ಹೋಗಬೇಡ ಎಂದಿದ್ದಾರೆ, ಅಷ್ಟೇ. ಅವರ ಮನೆಯಲ್ಲಿ ಅಪ್ಪನ ಫೋಟೋ ಇವತ್ತಿಗೂ ಫ್ರಿಜ್ಜಿನ ಮೇಲೆ ಒರಗಿ ನಿಂತಿದೆ, ಮಾಲೆ ಸಮೇತ. ಗೋಡೆಗೆ ಹಾಕಿ ಎಂದರೆ ಗಿರಿಜಕ್ಕ, “ಮೊಳಿ ಹೊಡದ್ರ ಮತ್ತ ಕೀಳಬೇಕಲ್ರಿ” ಎನ್ನುತ್ತಾರೆ. ಮನುಷ್ಯರಿಗೆ ಗೋಡೆಗೆ ಮೊಳೆ ಹೊಡೆಯುವ ಧೈರ್ಯವನ್ನೂ ಬಿಡದೆ ಕಸಿದುಕೊಂಡು, ಇದನ್ನು ದಯೆ ಎನ್ನುತ್ತಾರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುವುದು.

ಇನ್ನೊಂದು ಇದೆ. ಹೊಸ ಅರ್ಜಿಯ ವಿಷಯ ಮಾತಾಡುವಾಗ ವಕೀಲರು ನನ್ನನ್ನೂ ಸಹನಾಳನ್ನೂ ಕೂರಿಸಿಕೊಂಡು, ಚಹಾ ಕೊಟ್ಟು, ಸುಳ್ಳು ಹೇಳು ಎನ್ನುತ್ತಿಲ್ಲ, ಆದರೆ ಕನ್ನಡವನ್ನು ಅಷ್ಟು ತೋರಿಸಿಕೊಳ್ಳುವುದು ಬೇಡ, ತೀರ್ಮಾನವಾಗುವವರೆಗೆ ಆ ತರಗತಿಗೂ ಹೋಗದಿದ್ದರೆ ಒಳ್ಳೆಯದು ಎಂದರು. ಅವರ ತಪ್ಪಲ್ಲ, ಅವರಿಗೆ ಗೆಲ್ಲಬೇಕಿತ್ತು, ನಮಗೂ ಗೆಲ್ಲಬೇಕಿತ್ತು. ಸಹನಾ ಬರುವುದು ನಿಂತಿತು. ಆಮೇಲಿನ ಶನಿವಾರಗಳಲ್ಲಿ ಚಿಕ್ಕವರು, “ಸಹನಾ ಅಕ್ಕ ವೇರ್?” ಎಂದು ಕೇಳಿದರೆ ನಾನು ಬೋರ್ಡು ಒರೆಸುತ್ತಿದ್ದೆ. ಕನ್ನಡ ಉಳಿಸಲು ಹೊರಟವಳು, ಉಳಿಯಬೇಕಾದರೆ ಕನ್ನಡ ಬಚ್ಚಿಡು ಎನ್ನುವ ಜಾಗಕ್ಕೆ ಬಂದು ನಿಂತಿದ್ದೆ. ಇವತ್ತು ಪಾರ್ಕಿಂಗಿನಲ್ಲಿ ಇಳಿಯದೆ ಕೂತದ್ದು ಅದಕ್ಕೇ. ತರಗತಿ ನಿಲ್ಲಿಸಿಬಿಡೋಣ, ಸಾಕು, ಎಂದು ಮುಕ್ಕಾಲು ತೀರ್ಮಾನ ಮಾಡಿಯಾಗಿತ್ತು.

ಕಾರ್ಡನ್ನು ಡಬ್ಬಕ್ಕೆ ಹಾಕುತ್ತಿದ್ದೆ, ಕಾರಿನ ಗಾಜು ಯಾರೋ ತಟ್ಟಿದರು. ಟೋಪಿ, ಮಫ್ಲರು, ನಡುವೆ ಎರಡು ಕಣ್ಣು.

“ಕ್ಲಾಸ್ ಇಲ್ಲೇನ್ರಿ ಟೀಚರ್?”

ಗಾಜು ಇಳಿಸಿದೆ. “ವಕೀಲರು ಬೇಡ ಅಂದಿದ್ರಲ್ಲೇ.”

“ಅಂದಾರ.” ಸಹನಾ ಮಫ್ಲರು ಕೆಳಗೆ ಸರಿಸಿದಳು. “ಪ್ರಾಕ್ಟೀಸ್ ಆಗ್ಲಿ ಅಂತ ಮನ್ಯಾಗ ಅವ್ವನ ಜೋಡಿ ಇಂಗ್ಲಿಷ್ ಮಾತಾಡಾಕ ಟ್ರೈ ಮಾಡಿದ್ನಿ. ಎರಡ ದಿನಕ್ಕ ಅವ್ವ ಅಳಾಕತ್ತಿದ್ಲು. ನಾ ಯಾರ ಮನ್ಯಾಗ ಅದೀನಿ ಅಂದ್ಲು. ಸಾಕ್ರಿ ಟೀಚರ್, ಐ ಕಾಂಟ್. ನಂಗ ಕನ್ನಡ ಬರ್ತದ. ಬಂದ್ರೂ ನಾ ಇಲ್ಲಿಯಾಕಿನ. ಎರಡೂ ಖರೇ ಅದಾವ. ಅವರಿಗೆ ಒಂದ ತಿಳಿತದ ಅಂದ್ರ ನಾ ಏನ್ ಮಾಡ್ಲಿ.”

“ಅರ್ಜಿಗೆ ತೊಂದರೆಯಾದ್ರೆ?”

“ಆಗಬಹುದು” ಎಂದು ಹಿಂದಿನ ಬಾಗಿಲು ತೆಗೆದು ಡಬ್ಬವನ್ನು ತಾನೇ ಎತ್ತಿಕೊಂಡಳು. “ನಡೀರಿ, ಹುಡುಗ್ರು ಕಾಯಾಕತ್ತಾವ.”

ಒಳಗೆ ಅವಳನ್ನು ಕಂಡು ಮಕ್ಕಳು ಎಬ್ಬಿಸಿದ ಗದ್ದಲ ಹೇಳತೀರದು. ಕೋಟು ಬಿಚ್ಚಿದವಳೇ ಕಾರ್ಡು ಎತ್ತಿ ಹಿಡಿದಳು. ಮಳೆಯಾಯಿತು, ಬಾಳೆಯಾಯಿತು. ಕೊನೆಯ ಶಬ್ದಕ್ಕೆ ಬಂದರೆ ಎಲ್ಲರೂ ಒಟ್ಟಿಗೆ ಉಲಿ ಎಂದರು. “ನಾಲಿಗಿ ಹಿಂದ ಮಡಚ್ರಿ, ಹಿಂಗ” ಎಂದು ಬಾಯಿ ತೆರೆದು ತೋರಿಸಿದಳು. ಮತ್ತೆ ಉಲಿ. ಮತ್ತೆ ತೋರಿಸಿದಳು. ಅರೋರಾದ ಮಹನೀಯರ ಮಗ ಕಣ್ಣು ಮುಚ್ಚಿ, ಕತ್ತು ಉಬ್ಬಿಸಿ, ಎಲ್ಲ ಬಲ ಹಾಕಿ, “ಉಳಿ” ಎಂದ. ತನಗೇ ಆಶ್ಚರ್ಯವಾಗಿ ಕಣ್ಣು ಬಿಟ್ಟು ಅವಳ ಮುಖ ನೋಡಿ ಮತ್ತೆ ಅಂದ. ಅವನದು ಕೇಳಿ ಪಕ್ಕದವಳಿಗೆ ಬಂತು, ಹಿಂದಿನವರಿಗೆ ಬಂತು. ನೋಡುತ್ತಿದ್ದಂತೆ ಇಡೀ ಕೋಣೆ ಅವಳತ್ತ ತಿರುಗಿ, ಉಳಿ, ಉಳಿ ಎಂದು ಕೂಗತೊಡಗಿತು. ಅವರಿಗೆ ಗೊತ್ತಿದ್ದದ್ದು ಬಡಗಿಯ ಉಳಿಯೊಂದೇ. ಸಹನಾ ಕಾರ್ಡನ್ನು ಇನ್ನಷ್ಟು ಎತ್ತಿ ಹಿಡಿದಳು.

ಗೋಡೆಯ ಆ ಕಡೆಯಿಂದ ಟಕ್ ಟಕ್ ಎಂದು ಬಡಿದರು. ಮಕ್ಕಳು ತಟ್ಟನೆ ಸುಮ್ಮನಾಗಿ, ನಾನು ಸಾರಿ ಕೇಳಲು ಏಳುವುದನ್ನು ಕಾಯುತ್ತ ನನ್ನ ಕಡೆ ನೋಡಿದರು.

ನಾನು ಏಳಲಿಲ್ಲ.

“ಇನ್ನೊಂದು ಸಲ” ಎಂದೆ. “ಜೋರಾಗಿ.”